ಚುಕ್ಕಿ ಕರಗಿಸುವ ಕುಸುರಿ

ಹಳೆಯ ಕಾದಂಬರಿಯ ಮುಖಪುಟವನ್ನು ಮರುಮುದ್ರಣಕ್ಕೆಂದು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿದರೆ ನಾಯಕಿಯ ಕೆನ್ನೆ ಮಾಯವಾಗಿ ಬರೀ ಚುಕ್ಕಿಗಳು ಕಾಣುತ್ತವೆ. ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳು ಬೇರೆಬೇರೆ ಕೋನಗಳಲ್ಲಿ ಚುಕ್ಕಿಚುಕ್ಕಿಯಾಗಿ ಕೂತು ಕಣ್ಣಿಗೆ ಮೈಬಣ್ಣದ ಭ್ರಮೆ ಹುಟ್ಟಿಸಿರುತ್ತವೆ. ಅದನ್ನು ಹಾಗೆಯೇ ಮತ್ತೆ ಮುದ್ರಿಸಿದರೆ ಹೊಸ ಚುಕ್ಕಿ ಹಳೆಯದರೊಡನೆ ತಾಕಲಾಡಿ ಮುಖದ ತುಂಬ ಅಲೆಅಲೆಯಾದ ಪಟ್ಟೆ ಏಳುತ್ತದೆ.

ಇದನ್ನು ನಯಗೊಳಿಸುವ ಕೆಲಸ ನನಗೆ ಬಹಳ ಮೆಚ್ಚು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚುಕ್ಕಿಗಳು ಒಂದರೊಳಗೊಂದು ಕರಗುವಷ್ಟೇ ಮಸುಕು ಕೊಟ್ಟು, ಆಮೇಲೆ 300ಕ್ಕೆ ಇಳಿಸುವುದು ಒಂದು ರೂಢಿ. ಗಾಸಿಯನ್ ಬ್ಲರ್ ಅಂಚನ್ನೂ ಒಡಲನ್ನೂ ಒಟ್ಟಿಗೆ ಕಲಸಿಬಿಡುತ್ತದೆ. ಮೀಡಿಯನ್ ಫಿಲ್ಟರ್ ಹಾಗಲ್ಲ; ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆಳಕಿನ ಏರಿಕೆಯಲ್ಲಿ ಸಾಲುಗಟ್ಟಿಸಿ ನಡುವಿನದನ್ನು ಆರಿಸುತ್ತದೆ, ಹಾಗಾಗಿ ಗೆರೆ ಹೆಚ್ಚು ಉಳಿಯುತ್ತದೆ. ಮಡಿಕೆಯ ಬಿಳಿಗೆರೆಗಳಿಗೆ 2002ರ ಫೋಟೋಶಾಪ್ 7ರಲ್ಲಿ ಬಂದ ಹೀಲಿಂಗ್ ಬ್ರಷ್ ಇದೆ. ದುಡ್ಡು ಕೊಡಲಾಗದವರಿಗೆ ಜಿಂಪ್ ಇದೆ, ಅದೇನೂ ಕಡಿಮೆಯದಲ್ಲ.

ಆದರೆ ಇಡೀ ಪುಟವನ್ನು ಫಿಲ್ಟರಿಗೆ ಒಪ್ಪಿಸುವವರನ್ನು ನಾನು ಒಪ್ಪಲಾರೆ. ಬಲ್ಲ ವಿನ್ಯಾಸಕರು ಮಾಸ್ಕ್ ಹಾಕಿ ಆಕಾಶ, ಗೋಡೆ, ಕೆನ್ನೆಗಳನ್ನಷ್ಟೇ ನಯಗೊಳಿಸುತ್ತಾರೆ. ಕಣ್ರೆಪ್ಪೆ, ಸೀರೆಯಂಚು, ಮೂಲೆಯಲ್ಲಿರುವ ಕಲಾವಿದರ ಸಹಿಯನ್ನು ಮುಟ್ಟುವುದಿಲ್ಲ. ಕೈಯಲ್ಲಿ ಬರೆದ ಶೀರ್ಷಿಕೆಗಂತೂ ಮಸುಕು ಸೋಕಲೇಬಾರದು. ಒತ್ತಕ್ಷರದ ಬಾಲ, ತಲೆಕಟ್ಟಿನ ತುದಿ ಮೊಂಡಾದರೆ ಬರೆದವರ ಕೈಯೇ ಅಳಿಸಿಹೋಗುತ್ತದೆ. ಅದಕ್ಕೇ ಆ ವಿನ್ಯಾಸಕರು ಪೆನ್ ಟೂಲ್ ಹಿಡಿದು, ಒಂದೊಂದು ತಿರುವನ್ನೂ ಅನುಸರಿಸಿ ಅಕ್ಷರಗಳನ್ನು ಹೊಸದಾಗಿ ಬಿಡಿಸಿಕೊಳ್ಳುತ್ತಾರೆ. ಒಂದು ಶೀರ್ಷಿಕೆಗೆ ಇಡೀ ಮಧ್ಯಾಹ್ನ ಹಿಡಿದರೂ ಅವಸರ ಮಾಡುವುದಿಲ್ಲ.