ಯಾವ ಮೂವತ್ತೇಳು?

ಪುಣೆಯ ಬಿಬವೇವಾಡಿಯ ಗುಡ್ಡದ ಕಡೆ ಮನೆ ಮಾಡಿದವರಿಗೆ ಬೇಸಿಗೆ ಅಂದರೆ ನೀರಿನ ಟ್ಯಾಂಕರು. ನಮ್ಮ ಸೊಸೈಟಿಗೆ ಬಂದ ಒಂದೊಂದು ಟ್ಯಾಂಕರನ್ನೂ ಹಳೆಯ ಕಾರ್ಯದರ್ಶಿ ಕಾಕಾ ಕೆಂಪು ರಟ್ಟಿನ ವಹಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಟ್ಟಿದ್ದರು. ಅದನ್ನೆಲ್ಲ ನಾನು ಟೈಪು ಮಾಡಿ, ಅಂಕಿಅಂಶದ ಲೆಕ್ಕ ಮಾಡುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಗೆ ಉಣಿಸಿ, ದರದ ಕೋಷ್ಟಕದ ಜೊತೆ ಕೂಡಿಸಿ ನೋಡಿದೆ. ಒಂದು ಬಿಲ್ಲಿನ ಮೊತ್ತ ಹೆಚ್ಚಿತ್ತು. ಹುಮ್ಮಸ್ಸಿನಲ್ಲಿ ಫೋನು ಹಚ್ಚಿ, ‘ಕಾಕಾ, 37ನೇದು ಸ್ವಲ್ಪ ನೋಡಿ’ ಅಂದೆ. ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ ಕಾಕಾ ಮರಾಠಿಯಲ್ಲಿ ಕೇಳಿದರು: ‘ಕುಠಲಾ ಸದತೀಸ್?’

ಯಾವ ಮೂವತ್ತೇಳು? ವಹಿಯ 37ರಲ್ಲಿ ಎಲ್ಲ ಸರಿಯಿತ್ತು. ನನ್ನ 37 ಬೇರೆಯದೇ ಆಗಿತ್ತು.

ಆರ್‌ನಲ್ಲಿ ಎರಡು ಕೋಷ್ಟಕ ಕೂಡಿಸುವ ‘ಮರ್ಜ್’ ಎಂಬ ಆಜ್ಞೆಯಿದೆ. ಬೇಡ ಅಂತ ನಾವಾಗಿ ಹೇಳದಿದ್ದರೆ, ಯಾವ ಅಂಕಣ ಹಿಡಿದು ಕೂಡಿಸಿದೆವೋ ಅದರ ಅನುಕ್ರಮಕ್ಕೆ ಅದು ಸಾಲುಗಳನ್ನು ಜೋಡಿಸಿಬಿಡುತ್ತದೆ. ಹಳೆಯ ಸಂಖ್ಯೆ ಅಳಿಸಿ ಒಂದರಿಂದ ಹೊಸದಾಗಿ ಎಣಿಸುತ್ತದೆ. ನಾನು ಕೂಡಿಸಿದ್ದು ಟ್ಯಾಂಕರಿನವರ ಹೆಸರು ಹಿಡಿದು. ಅಲ್ಲಿಗೆ ದಿನಾಂಕದ ಅನುಕ್ರಮ ಕೆಟ್ಟಿತು.

ಸಾಲಿನ ಸಂಖ್ಯೆಯ ಬೆಲೆ ತಿಳಿಯಬೇಕಾದರೆ ‘ಐರಿಸ್’ ತೆರೆದು ನೋಡಬೇಕು. ಆರ್ ಹಾಕಿಕೊಂಡವರೆಲ್ಲರ ಕಂಪ್ಯೂಟರಿನಲ್ಲೂ ಇರುವ ದತ್ತಾಂಶ ಅದು: ಮೂರು ಜಾತಿಯ 150 ಹೂಗಳ ಅಳತೆ, 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ತಮ್ಮ ಪ್ರಬಂಧದಲ್ಲಿ ಬಳಸಿದ್ದು. ಒಂದೇ ಅಳತೆಯ ಜೋಡಿ ಇದೆಯೇ ಅಂತ ಕೇಳಿ. ಒಂದೇ ಒಂದು ಸಾಲು ಬರುತ್ತದೆ: 5.8, 2.7, 5.1, 1.9. ಅದರ ಎಡಕ್ಕೆ 143 ಎಂಬ ಅಂಕಿ. ಅದರ ಜೋಡಿ 102ರಲ್ಲಿ ಕೂತಿದೆ. ಇದೇ ದತ್ತಾಂಶದ ಬಹಳ ಓಡಾಡಿದ ಇನ್ನೊಂದು ಪ್ರತಿಯಲ್ಲಿ 35 ಮತ್ತು 38ನೇ ಸಾಲುಗಳ ಅಂಕಿ ತಪ್ಪಾಗಿವೆ. ಆ ಪ್ರತಿಯ ಜೊತೆಗಿರುವ ಟಿಪ್ಪಣಿ ತಪ್ಪನ್ನು ಗುರುತಿಸಿರುವುದೂ ಸಾಲಿನ ಸಂಖ್ಯೆಯಿಂದಲೇ. ಇನ್ನು ಹೇಗೆ ಗುರುತಿಸಬೇಕು? ಹೂವಿಗೆ ಹೆಸರಿಲ್ಲ, ಆಧಾರ್ ಕಾರ್ಡಿಲ್ಲ.

ಆದರೆ ಅದೇ ಜೋಡಿ ಹೂವನ್ನು ಈಗಿನ ಹುಡುಗರ ಮೆಚ್ಚಿನ ‘ಡಿಪ್ಲೈಯರ್’ ಪ್ಯಾಕೇಜಿನ ‘ಫಿಲ್ಟರ್’ನಿಂದ ಹೆಕ್ಕಿದರೆ ಎಡಗಡೆ 143 ಇರುವುದಿಲ್ಲ, ಬರೀ 1. ಮೊದಮೊದಲು ನನಗೆ ಇದರ ಮೇಲೆ ಸಿಟ್ಟೇ ಇತ್ತು. ಈಗ ಇಲ್ಲ. ಹಳೆಯ ಆರ್ ಸಾಲು ಹೆಕ್ಕುವಾಗ ಸಂಖ್ಯೆಯನ್ನು ಕಾಪಾಡುತ್ತದೆ, ಕೂಡಿಸುವಾಗ ಕೈಬಿಡುತ್ತದೆ. ಅರ್ಧ ದಾರಿ ಜೊತೆಗೆ ಬರುವ ಗೆಳೆಯನ ಹಾಗೆ. ಹೊಸಬರು ಮೊದಲೇ ಹೇಳಿಬಿಡುತ್ತಾರೆ: ಸಂಖ್ಯೆ ಬೇಕಿದ್ದರೆ ಅದನ್ನೇ ಒಂದು ಅಂಕಣ ಮಾಡಿ ಇಟ್ಟುಕೊಳ್ಳಿ.

ಔಷಧ ಪರೀಕ್ಷೆಯ ಲೆಕ್ಕ ಮಾಡುವವರು ಹೆಚ್ಚಾಗಿ ಬಳಸುವ ‘ಸ್ಯಾಸ್’ ತಂತ್ರಾಂಶದ್ದು ಬೇರೆ ತಂಟೆ. ಅಲ್ಲಿ ಹಿಂದೆ ಮುಂದೆ ಅಡಿಗೆರೆ ಹಚ್ಚಿದ ‘ಎನ್’ ಎಂಬ ತಾನೇ ಹುಟ್ಟುವ ಎಣಿಕೆಯಿದೆ. ಸಾಲಿನ ಸಂಖ್ಯೆ ಅಂತ ಅದನ್ನು ನಂಬಿ ಕೆಟ್ಟವರು ಬಹಳ. ಅದು ಎಣಿಸುವುದು ಸಾಲನ್ನಲ್ಲ, ‘ಡೇಟಾ ಸ್ಟೆಪ್’ ಎಂಬ ಆಜ್ಞೆಗಳ ಕಟ್ಟು ಸುತ್ತು ಹೊಡೆದದ್ದನ್ನು. ‘ವೇರ್’ ಹಾಕಿ ಸೋಸಿದರೆ ಬೇಡದ ಸಾಲು ಗೇಟಿನಲ್ಲೇ ವಾಪಸು, ಎಣಿಕೆಗೆ ಸಿಗುವುದಿಲ್ಲ. ‘ಇಫ್’ ಹಾಕಿ ಸೋಸಿದರೆ ಒಳಗೆ ಬಂದು ಎಣಿಸಿಕೊಂಡ ಮೇಲೆ ವಾಪಸು. ಸೋಸಿ ಉಳಿದ ಸಾಲುಗಳು ಅವೇ, ಸಂಖ್ಯೆ ಮಾತ್ರ ಬೇರೆ ಬೇರೆ. ಸಾಲದ್ದಕ್ಕೆ, ನಾವು ಬೇರೆ ಹೆಸರಿನಲ್ಲಿ ಎತ್ತಿಡದಿದ್ದರೆ ಆ ‘ಎನ್’ ಹೊಸ ಕಡತಕ್ಕೆ ಬರುವುದೂ ಇಲ್ಲ.

ಕಾಕಾಗೆ ಇದನ್ನೆಲ್ಲ ವಿವರಿಸಲು ಹೋದೆ. ಅವರು ವಯಸ್ಸಿನಲ್ಲಿ ಇಲ್ಲೇ ಪಕ್ಕದ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು. ದಿನದ ವ್ಯವಹಾರ ಬಂದ ಹಾಗೆ ಕಿರ್ದಿಗೆ, ಅಲ್ಲಿಂದ ಆಳು ಆಳಿನ ಹೆಸರಿಗೆ ಖತಾವಣಿಗೆ. ಖತಾವಣಿಗೆ ಏರಿಸುವಾಗ ಪಕ್ಕದಲ್ಲಿ ಕಿರ್ದಿಯ ಪುಟ ಬರೆಯದಿದ್ದರೆ ಸೇಟ್ ಊಟಕ್ಕೆ ಬಿಡುತ್ತಿರಲಿಲ್ಲವಂತೆ. ‘ನಿನ್ನ ಕಂಪ್ಯೂಟರಿಗೆ ಇಷ್ಟೂ ಗೊತ್ತಿಲ್ಲವಾ?’ ಅಂದರು. ಗೊತ್ತಿದೆ, ನಾನು ಹೇಳಿರಲಿಲ್ಲ ಅಷ್ಟೇ. ಮೂಲದ ಗುರುತನ್ನು ಜೊತೆಗೆ ಒಯ್ಯುವುದು ಹೇಗೆಂದು ನಮ್ಮ ಓಣಿಯ ವಿಳಾಸಗಳನ್ನೇ ನೋಡಿ: ಹೊಲ ಹೋಗಿ, ಪ್ಲಾಟು ಬಿದ್ದು, ಮೇಲೆ ನಾಲ್ಕಂತಸ್ತು ಎದ್ದರೂ ಹೊಲದ ಸರ್ವೆ ನಂಬರು ಓರೆಗೆರೆ ಹಾಕಿಕೊಂಡು ಇನ್ನೂ ಜೊತೆಗಿದೆ.

ಹಾಗಾಗಿ ಕಡತ ಓದಿಸಿದ ಮರುಕ್ಷಣ, ಸೋಸುವ, ಕೂಡಿಸುವ, ಜೋಡಿಸುವ ಯಾವ ಕೆಲಸಕ್ಕೂ ಮೊದಲು, ಒಂದರಿಂದ ಕೊನೆಯವರೆಗೆ ಎಣಿಸಿದ ಒಂದು ಅಂಕಣ ಸೇರಿಸಿ. ಡಿಪ್ಲೈಯರ್‌ನಲ್ಲಿ ಅದಕ್ಕೆ ‘ರೋ ನಂಬರ್’ ಎಂಬ ಒಂದೇ ಮಾತು ಸಾಕು. ತಲೆಬರಹದ ಸಾಲನ್ನು ಮಾತ್ರ ಮರೆಯಬೇಡಿ. ಆರ್‌ನ ಒಂದನೇ ಸಾಲು ಕಡತದ ಎರಡನೇ ಸಾಲು. ಎಕ್ಸೆಲ್ ತೆರೆದು ಕೂತವರ ಜೊತೆ ಅರ್ಧ ಜಗಳ ಈ ಒಂದು ಸಾಲಿನ ವ್ಯತ್ಯಾಸದ್ದೇ.

ನಾನು ಆ ಅಂಕಣಕ್ಕೆ ‘ವಹಿ’ ಅಂತ ಹೆಸರಿಟ್ಟು ಮೊದಲಿನಿಂದ ಮಾಡಿದೆ. ನನ್ನ 37 ಕಾಕಾರ ವಹಿಯಲ್ಲಿ 112. ಅಲ್ಲಿ 1,200 ಅಂತ ದುಂಡಗೆ ಬರೆದಿತ್ತು. 2,100 ಅಂತ ಟೈಪು ಮಾಡಿದ್ದವನು ನಾನೇ.