ತೆಂಗಿನಕಾಯಿ ಮತ್ತು ಕುಂಬಳಕಾಯಿ

ತಿಕೋಟಾ ಹತ್ತಿರ ನನ್ನ ತಮ್ಮನ ಹೊಲವಿದೆ. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಕೊಳವೆಬಾವಿಗೆ ಜಾಗ ಗುರುತಿಸಲು ನೀರು ನೋಡುವವರೊಬ್ಬರು ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಇಟ್ಟುಕೊಂಡು ಹೊಲ ತಿರುಗಿದರು. ಬದುವಿನ ಹತ್ತಿರ ಕಾಯಿ ಎದ್ದು ನಿಂತಿತು, ಅಲ್ಲೇ ಕಲ್ಲು ನೆಟ್ಟರು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಾನು ಪಕ್ಕದಲ್ಲೇ ನಿಂತಿದ್ದೆ. ಏನೂ ಮಾತಾಡಲಿಲ್ಲ. ಈ ಲೇಖನ ಬರೆಯಲು ಆ ಮೌನವೇ ಕಾರಣ.

ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಯಿಯಲ್ಲಿ ದೇವರಿರಲಿಲ್ಲ. ಮಂತ್ರವಿಲ್ಲ, ಹರಕೆಯಿಲ್ಲ. ಗುಡಿಗೆ ಕಾಲಿಡದ ನನ್ನ ಸ್ನೇಹಿತರೊಬ್ಬರು ಬಬಲೇಶ್ವರದ ತಮ್ಮ ತೋಟಕ್ಕೆ ಇದೇ ರೀತಿ ನೀರು ನೋಡಿಸಿದ್ದಾರೆ. ದೇವರನ್ನು ನಂಬದಿರುವುದು ಬೇರೆ, ಪುರಾವೆ ಕೇಳಿ ಬದುಕುವುದು ಬೇರೆ. ನಮ್ಮ ವಿಚಾರವಾದಿ ಚಳವಳಿ ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಕೆಲವು ಕೆಲಸಗಳು ಅರ್ಧಕ್ಕೇ ನಿಂತವು ಎಂಬುದು ನನ್ನ ಅಭಿಪ್ರಾಯ.

ಡಾ. ಎಚ್. ನರಸಿಂಹಯ್ಯನವರನ್ನೇ ತೆಗೆದುಕೊಳ್ಳಿ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರ ಓದಿ ಬಂದವರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಮೂಲಭೂತ ಕರ್ತವ್ಯವಾಗಿಸಿದ ಸಂವಿಧಾನದ 42ನೇ ತಿದ್ದುಪಡಿಯೂ ಅದೇ ವರ್ಷದ್ದು. ಪರೀಕ್ಷೆಗೆ ಅವಕಾಶ ಕೊಡಿ ಎಂದು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು, ಅವಕಾಶ ಸಿಗಲಿಲ್ಲ. ಉಂಗುರ ಸೃಷ್ಟಿಸುವವರು ಕುಂಬಳಕಾಯಿಯನ್ನೂ ಸೃಷ್ಟಿಸಲಿ ಎಂಬ ಅವರ ಸವಾಲು ಹಲವರಿಗೆ ನೆನಪಿರಬಹುದು. ಹಾಸ್ಯದಂತೆ ಕಂಡರೂ ಅದು ಅಚ್ಚುಕಟ್ಟಾದ ಪ್ರಯೋಗ ವಿನ್ಯಾಸ. ಕುಂಬಳಕಾಯಿ ತೋಳಿನೊಳಗೆ ಅಡಗುವುದಿಲ್ಲ. ಒಂದೇ ಷರತ್ತಿನಿಂದ ಕೈಚಳಕಕ್ಕೆ ಜಾಗವಿಲ್ಲದಂತಾಯಿತು.

ಆದರೆ ಆಯ್ಕೆಯ ಬಗ್ಗೆ ನನಗೆ ತಕರಾರಿದೆ. ಎದುರಿನವರು ಒಪ್ಪಿದರೆ ಮಾತ್ರ ನಡೆಯುವ ಪರೀಕ್ಷೆಯಿಂದ ಪತ್ರಿಕೆಗಳಿಗೆ ವಿವಾದ ಸಿಗುತ್ತದೆ, ದತ್ತಾಂಶ ಸಿಗುವುದಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆ ಎನ್ನಲಾದ ಬಾಲಕನನ್ನು ಸಮಿತಿ ಪರಿಶೀಲಿಸಿದಾಗ ವಿಭೂತಿ ಬಟ್ಟೆಯೊಳಗಿನಿಂದ ಬರುತ್ತಿತ್ತು. ಫಲಿತಾಂಶ ಸಿಕ್ಕಿತು ನಿಜ, ಸಿಕ್ಕಿಬಿದ್ದದ್ದು ಒಂದು ಮಗು. ಎರಡೂ ಕಡೆ ಹುಡುಕಿದ್ದು ಮೋಸವನ್ನು. ಮೋಸವೇ ಇಲ್ಲದ ಮೂಢನಂಬಿಕೆಯ ಎದುರು ಈ ಹತ್ಯಾರು ಮೊಂಡಾಗುತ್ತದೆ.

ನಮ್ಮ ಹೊಲಕ್ಕೆ ಬಂದವರು ಮೋಸಗಾರರಲ್ಲ. ಕಾಯಿ ತಾನೇ ಎದ್ದಿತೆಂದು ಅವರು ಮನಸಾರೆ ನಂಬಿದ್ದಾರೆ. 1853ರಲ್ಲಿ ಮೈಕೆಲ್ ಫ್ಯಾರಡೆ ಇಂಥದ್ದನ್ನೇ ಪರೀಕ್ಷಿಸಿದರು. ಪ್ರೇತಗಳು ಮೇಜು ತಿರುಗಿಸುತ್ತವೆ ಎಂದು ಲಂಡನ್ನಿನಲ್ಲಿ ಸುದ್ದಿಯಾಗಿತ್ತು. ಕೈ ಮತ್ತು ಮೇಜಿನ ನಡುವೆ ಸರಿದಾಡುವ ಪದರಗಳನ್ನಿಟ್ಟು ನೋಡಿದಾಗ ಮೊದಲು ಸರಿದದ್ದು ಕೈ, ಮೇಜಲ್ಲ. ಕುಳಿತವರೆಲ್ಲ ಪ್ರಾಮಾಣಿಕರೇ, ತಾವು ತಳ್ಳುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ಅಂಗೈ ಮೇಲೆ ಅಡ್ಡಲಾಗಿರುವ ಕಾಯಿಗೂ ಸ್ನಾಯುಗಳ ಇಂಥ ಸಣ್ಣ ಅರಿವಿಲ್ಲದ ಚಲನೆ ಸಾಕು.

ಹಾಗಾದರೆ ನೀರು ಹೇಗೆ ಬೀಳುತ್ತದೆ? ಪ್ರಶ್ನೆ ಸರಿಯಾದದ್ದೇ. ನಮ್ಮ ಜಿಲ್ಲೆಯ ಬಹುಭಾಗ ದಖ್ಖನಿನ ಬಸಾಲ್ಟ್, ಲಾವಾ ಪದರದ ಮೇಲೆ ಪದರ. ಶಿಥಿಲಗೊಂಡ ಮೇಲ್ಭಾಗ, ಗುಳ್ಳೆಗಳಿಂದ ತೂತಾದ ಶಿಲೆ, ಬಿರುಕುಗಳು, ಎರಡು ಪದರ ಕೂಡುವ ಜಾಗ: ನೀರಿರುವುದು ಇಲ್ಲೆಲ್ಲ. ಇವು ಕೆಲವೆಡೆ ವಿಶಾಲವಾಗಿ ಹರಡಿರುತ್ತವೆ. ಅಂಥ ಹೊಲದಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದು ಬಿದ್ದಲ್ಲಿ ಕೊರೆದರೂ ಹಲವು ಸಲ ನೀರು ಸಿಕ್ಕೀತು. ಸಿಕ್ಕ ಬಾವಿ ಕಾಯಿಯ ಖಾತೆಗೆ, ಒಣ ಬಾವಿ ರೈತನ ಹಣೆಬರಹಕ್ಕೆ. ಒಣ ಬಾವಿಯ ಸಾಲವೂ ಅವನದೇ.

1987-88ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಸುಮಾರು 500 ಮಂದಿ ನೀರು ನೋಡುವವರಿಂದ 43 ಜನರನ್ನು ಆರಿಸಿ, ಒಂದು ಕಣಜದ ಕೆಳ ಅಂತಸ್ತಿನಲ್ಲಿ ಕೊಳವೆಯ ಜಾಗ ಬದಲಿಸುತ್ತ, ಮೇಲಿನ ಅಂತಸ್ತಿನಿಂದ ಅದನ್ನು ಗುರುತಿಸಲು ಹೇಳಿದರು. 843 ಪರೀಕ್ಷೆಗಳು ನಡೆದವು. ಕೆಲವರಲ್ಲಿ ನಿಜವಾದ ಶಕ್ತಿಯಿದೆ ಎಂದು ಪ್ರಯೋಗ ನಡೆಸಿದವರು ಹೇಳಿದರು. 1999ರಲ್ಲಿ ಅಮೆರಿಕದ ಜೇಮ್ಸ್ ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ವಿಶ್ಲೇಷಿಸಿ, ಫಲಿತಾಂಶ ಊಹೆಗಿಂತ ಮೇಲಿಲ್ಲ ಎಂದು ತೋರಿಸಿದರು. ಇಲ್ಲಿ ಯಾರ ಮುಖವಾಡವನ್ನೂ ಕಳಚಲಿಲ್ಲ, ಸೋಲನ್ನೂ ಗೆಲುವನ್ನೂ ಎಣಿಸಿದರು ಅಷ್ಟೇ.

ಇದನ್ನೆಲ್ಲ ತಡವಾಗಿ, ಊಟಕ್ಕೆ ಕುಳಿತಾಗ ತಮ್ಮನಿಗೆ ಹೇಳಿದೆ. ನೆಲದಲ್ಲಿ ನಾಲ್ಕು ವಿದ್ಯುದಗ್ರಗಳನ್ನು ನೆಟ್ಟು ರೋಧಕತೆ ಅಳೆಯುವ ವಿಧಾನವನ್ನೂ ವಿವರಿಸಿದೆ. ಗಟ್ಟಿ ಬಸಾಲ್ಟಿನ ರೋಧಕತೆ ಹೆಚ್ಚು, ನೀರು ತುಂಬಿದ ಶಿಥಿಲ ಶಿಲೆಯದು ಕಡಿಮೆ. ಅವನು ರೊಟ್ಟಿ ಮುರಿಯುತ್ತ, "ಅಣ್ಣಾ, ನಿಮ್ಮ ಮಷೀನು ಹೇಳಿದಲ್ಲಿ ಬಾಜೂ ಹೊಲದವ್ರಿಗೆ ನೀರ ಬೀಳಲಿಲ್ಲ. ಕಾಯಿಗೆ ರೊಕ್ಕಾರ ಕಡಿಮಿ" ಅಂದ. ಉತ್ತರ ಸುಲಭವಿರಲಿಲ್ಲ. ಯಂತ್ರವೂ ತಪ್ಪುತ್ತದೆ. ಆದರೆ ಅದು ಎಷ್ಟು ಸಲ, ಎಂಥ ನೆಲದಲ್ಲಿ ತಪ್ಪುತ್ತದೆ ಎಂಬ ಲೆಕ್ಕ ಇಡಬಹುದು. ಕಾಯಿಗೆ ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ ನಾನೂ ಇಟ್ಟಿಲ್ಲ.

ಬದುವಿನ ಹತ್ತಿರದ ಆ ಬಾವಿಯಲ್ಲಿ ಬಂದದ್ದು ಬರಿಯ ಧೂಳು. ಇನ್ನೊಂದು ಕೊರೆಸುವ ಮಾತು ನಡೆದಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದೇ ಹೊಲವನ್ನು ಎರಡು ಸಲ ತಿರುಗಿ, ಎರಡೂ ಸಲ ಕಾಯಿ ಒಂದೇ ಜಾಗದಲ್ಲಿ ಏಳುತ್ತದೆಯೇ ನೋಡೋಣ ಎಂದು ನೀರು ನೋಡುವವರನ್ನು ಕೇಳಿದೆ. ಅವರು ನಗುತ್ತಲೇ ಒಪ್ಪಿದ್ದಾರೆ. ಒಪ್ಪದಿರುವುದು ನನ್ನ ತಮ್ಮ.