ಬಜಾರಿಲ್ಲದ ಹಂಪಿ ಬಜಾರು

ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ವಿದೇಶಿ ಪ್ರವಾಸಿಗರು ಅದರ ಅರಮನೆಗಳಷ್ಟೇ ಆಸ್ಥೆಯಿಂದ ಅದರ ಪೇಟೆಗಳ ಬಗ್ಗೆಯೂ ಬರೆದಿದ್ದಾರೆ. 1443ರಲ್ಲಿ ದೊರೆ ಶಾರುಖ್‌ನ ರಾಯಭಾರಿಯಾಗಿ ಬಂದ ಅಬ್ದುರ್ರಝಾಕ್ ಅರಮನೆಯ ಬಳಿ ಒಂದಕ್ಕೊಂದು ಎದುರಾಗಿದ್ದ ನಾಲ್ಕು ಬಜಾರುಗಳನ್ನು ಕಂಡ. ಅಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನೂ, ಅಲ್ಲಿನ ಜನಕ್ಕೆ ಗುಲಾಬಿ ಹೂವು ಊಟದಷ್ಟೇ ಅಗತ್ಯವಾಗಿದ್ದುದನ್ನೂ ದಾಖಲಿಸಿದ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ವಜ್ರ, ಪಚ್ಚೆಗಳ ವರ್ತಕರಿದ್ದ ಬೀದಿಯನ್ನು ವರ್ಣಿಸುತ್ತ, ಅದೇ ಬೀದಿಯಲ್ಲಿ ದಿನಾ ಸಂಜೆ ಸೇರುತ್ತಿದ್ದ ಸಂತೆಯನ್ನೂ ಮರೆಯದೆ ಹೇಳುತ್ತಾನೆ. ಆ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ತರಕಾರಿ, ಉರಿಸುವ ಸೌದೆ ಮಾರಾಟಕ್ಕೆ ಬರುತ್ತಿದ್ದವು. ಅದೇ ಬೀದಿಯ ಕೊನೆಯಲ್ಲಿ ಮುಸಲ್ಮಾನರ ಕೇರಿ ಇತ್ತೆಂದೂ, ಅವರಲ್ಲಿ ಅನೇಕರು ಈ ನೆಲದವರೇ ಆಗಿ ದೊರೆಯ ಕಾವಲು ಪಡೆಯಲ್ಲಿದ್ದರೆಂದೂ ಬರೆದ.

ನಮ್ಮ ಶಾಲಾಪಠ್ಯಗಳು ಮತ್ತು ಪ್ರವಾಸಿ ಕೈಪಿಡಿಗಳು ಈ ವರ್ಣನೆಗಳಿಂದ ಮುತ್ತುರತ್ನವನ್ನಷ್ಟೇ ಆರಿಸಿಕೊಂಡವು. ನಿಂಬೆಹಣ್ಣು ಮತ್ತು ಸೌದೆಯನ್ನು ಬಿಟ್ಟವು. ಇದು ಬರೇ ಓದಿನ ದೋಷವಾಗಿದ್ದರೆ ನಾವು ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಪರಂಪರೆಯನ್ನು ಹೀಗೆ ಅರ್ಧ ಓದಿದ ಪ್ರಭುತ್ವ ಆ ಓದಿನ ಆಧಾರದ ಮೇಲೆಯೇ ಊರನ್ನೂ ಆಳತೊಡಗಿದಾಗ ಏನಾಗುತ್ತದೆ ಎಂಬುದಕ್ಕೆ ಇಂದಿನ ಹಂಪಿ ಬಜಾರು ಸಾಕ್ಷಿಯಾಗಿದೆ.

ವಿರೂಪಾಕ್ಷ ಗುಡಿಯ ಮುಂದಿನಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಚಾಚಿಕೊಂಡಿರುವ ಬೀದಿಯಿದು. ಇಕ್ಕೆಲದ ಸಾಲುಮಂಟಪಗಳಲ್ಲಿ ಕಳೆದ ಶತಮಾನದಲ್ಲಿ ಜನ ಬಂದು ನೆಲೆಸಿದರು. ಕಂಬಗಳ ನಡುವೆ ಗೋಡೆ ಎತ್ತಿಕೊಂಡು ಮನೆ ಮಾಡಿಕೊಂಡರು, ಅಂಗಡಿ ಇಟ್ಟರು. ಕಾಯಿ ಕರ್ಪೂರ, ಕಿರಾಣಿ, ಖಾನಾವಳಿ, ಬಾಡಿಗೆ ಸೈಕಲ್ಲು, ದರ್ಜಿ, ಪುಸ್ತಕದಂಗಡಿ, ಬ್ಯಾಂಕು ಎಲ್ಲವೂ ಒಂದೇ ಬೀದಿಯಲ್ಲಿದ್ದವು. ಗುಡಿಗೆ ಬಂದ ರೈತ ಕುಟುಂಬಕ್ಕೂ, ವಿದೇಶಿ ಪ್ರವಾಸಿಗೂ, ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಅದೇ ಪೇಟೆಯಾಗಿತ್ತು. ಹಾಗಾಗಿಯೇ ಅದನ್ನು ಬಜಾರು ಎಂದು ಕರೆಯುವಾಗ ಯಾರೂ ಇತಿಹಾಸವನ್ನು ನೆನಪಿಸಿಕೊಳ್ಳಬೇಕಿರಲಿಲ್ಲ.

2011ರ ಜುಲೈ 29ರಂದು ಹೈಕೋರ್ಟಿನ ಆದೇಶವನ್ನು ಮುಂದಿಟ್ಟುಕೊಂಡು ಜಿಲ್ಲಾಡಳಿತ ಈ ಬೀದಿಗೆ ಬುಲ್ಡೋಜರುಗಳನ್ನು ತಂದಿತು. ಸಾಮಾನು ಸಾಗಿಸಿಕೊಳ್ಳಲು ಸಾಕಾಗುವಷ್ಟು ಸಮಯವೂ ಜನರಿಗೆ ಸಿಗಲಿಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗೆ ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಲಾಯಿತು. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಹಿಡಿಯಿತು. ಸಂಡೂರಿನ ಬೆಟ್ಟಗಳನ್ನು ವರ್ಷಗಟ್ಟಲೆ ಬಗೆದದ್ದನ್ನು ತಡೆಯಲು ಲೋಕಾಯುಕ್ತ ವರದಿ, ಅಧ್ಯಯನ ಸಮಿತಿ, ದೀರ್ಘ ವಿಚಾರಣೆಗಳೆಲ್ಲ ಬೇಕಾದವು. ಮಂಟಪದೊಳಗೆ ಚಹಾ ಕಾಸುತ್ತಿದ್ದವರನ್ನು ಎಬ್ಬಿಸಲು ಒಂದು ಬೆಳಗು ಸಾಕಾಯಿತು. ಎರಡಕ್ಕೂ ಬಳಕೆಯಾದ ಪದ ಮಾತ್ರ ಒಂದೇ: ಅಕ್ರಮ.

ಇಲ್ಲಿ ನ್ಯಾಯವಾದ ಮಾತೊಂದನ್ನು ಹೇಳಲೇಬೇಕು. ಮಂಟಪಗಳಿಗೆ ಧಕ್ಕೆಯಾಗಿರಲಿಲ್ಲ ಎಂದು ನಾವು ವಾದಿಸುವುದಿಲ್ಲ. ಕಲ್ಲಿನ ಕಂಬಗಳಿಗೆ ಸಿಮೆಂಟು ಮೆತ್ತಿದ್ದು, ಮೇಲೆ ಅಂತಸ್ತು ಏರಿಸಿದ್ದು, ಚರಂಡಿಯಿಲ್ಲದ ಕಡೆ ಶೌಚಾಲಯ ಕಟ್ಟಿದ್ದು ನಿಜ. ಪ್ರವಾಸಿಗಳ ಹಣ ಹರಿದಂತೆ ಸಣ್ಣ ಅಂಗಡಿಯ ಜಾಗಕ್ಕೆ ವಸತಿಗೃಹ ಬಂದದ್ದೂ ನಿಜ. ಪುರಾತತ್ತ್ವ ಇಲಾಖೆ ಕೈಕಟ್ಟಿ ಕೂರಬೇಕಿತ್ತು ಎಂದು ಯಾರೂ ಹೇಳಲಾರರು. ಆದರೆ ಕಲ್ಲಿಗೆ ಆಗುತ್ತಿದ್ದ ಹಾನಿಯನ್ನು ತಡೆಯುವುದು ಒಂದು ಕೆಲಸ, ಬೀದಿಯಿಂದ ಬದುಕನ್ನೇ ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ನಿಯಮ, ಉಸ್ತುವಾರಿ ಮತ್ತು ತಾಳ್ಮೆ ಬೇಕು. ಎರಡನೆಯದಕ್ಕೆ ಯಂತ್ರವೊಂದೇ ಸಾಕು. ನಮ್ಮ ಆಡಳಿತ ಎರಡನ್ನೂ ಒಂದೇ ಎಂದು ತೋರಿಸಿ, ಸುಲಭವಾದುದನ್ನು ಮಾಡಿ ಮುಗಿಸಿತು.

ಹೀಗೆ ಮಾಡಲು ಕಾನೂನಿನ ಬೆಂಬಲ ಇರಲಿಲ್ಲವೆಂದಲ್ಲ. ಹಂಪಿ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಅದರಿಂದ ಹೊರಬಂತು. ಈ ನಡುವೆ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರೂಪುಗೊಂಡಿತು. ಇದರ ವ್ಯಾಪ್ತಿಗೆ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರು ನೆಲ ಸೇರಿದೆ. ಅಂದರೆ ಪ್ರಾಧಿಕಾರ ನೋಡಿಕೊಳ್ಳಬೇಕಾದದ್ದು ಸ್ಮಾರಕಗಳ ಗುಂಪನ್ನು ಮಾತ್ರವಲ್ಲ, ಬದುಕುತ್ತಿರುವ ಇಪ್ಪತ್ತೊಂಬತ್ತು ಊರುಗಳನ್ನು. ಊರು ಎಂದ ಮೇಲೆ ಅಂಗಡಿ, ಅಂಚೆ, ಬಸ್ಸು, ಆಸ್ಪತ್ರೆ, ಶಾಲೆ, ದಾಟುವ ಸೇತುವೆ ಬೇಕು. ಇವು ಪರಂಪರೆಯ ಶತ್ರುಗಳೆಂಬಂತೆ ಕಾಣುವ ನೋಟ ಎಲ್ಲಿಂದ ಬಂತು?

ಈ ನೋಟ ಕಡತಗಳಲ್ಲಿ ಹುಟ್ಟಿದ್ದಲ್ಲ. ಇದರ ಒಂದು ಬೇರು ನಮ್ಮ ಸಾಹಿತ್ಯದಲ್ಲಿಯೇ ಇದೆ ಎಂಬುದು ನಮ್ಮ ಅನಿಸಿಕೆ. 1900ರಲ್ಲಿ ರಾಬರ್ಟ್ ಸಿವೆಲ್ ಪಾಯೆಸ್ ಮತ್ತು ನೂನಿಜ್‌ರ ಬರಹಗಳ ಅನುವಾದದೊಂದಿಗೆ ವಿಜಯನಗರದ ಮೇಲಿನ ತನ್ನ ಪುಸ್ತಕವನ್ನು ಪ್ರಕಟಿಸಿ ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದ. ಅಲ್ಲಿಂದೀಚೆಗೆ ಕನ್ನಡದ ಕವಿತೆ, ನಾಟಕ, ಕಾದಂಬರಿ, ಭಾಷಣಗಳಲ್ಲಿ 'ಹಾಳು ಹಂಪೆ' ಎಂಬುದು ಒಂದು ಸಿದ್ಧ ಚಿತ್ರವಾಯಿತು. 1565ರ ಸೋಲು, ಮುರಿದ ಶಿಲ್ಪ, ಸುರಿದ ಕಣ್ಣೀರು ಇವುಗಳಿಂದ ಆ ಚಿತ್ರ ತಯಾರಾಗಿದೆ. ನಾಡಿನ ಅಭಿಮಾನವನ್ನು ಎಚ್ಚರಿಸಲು ಆ ಕಾಲಕ್ಕೆ ಅದು ಬೇಕಿದ್ದಿರಬಹುದು. ಆದರೆ ಆ ಚಿತ್ರಕ್ಕೆ ಹಂಪಿ ಖಾಲಿಯಾಗಿರಬೇಕು. ಗುಡಿಯಲ್ಲಿ ಪೂಜೆ ನಿಂತಿಲ್ಲ, ವಿಜಯನಗರ ಕಾಲದ ಕಾಲುವೆಗಳಲ್ಲಿ ನೀರು ಇಂದಿಗೂ ಹರಿದು ಹೊಸಪೇಟೆ, ಕಂಪ್ಲಿ ಸೀಮೆಯ ಬಾಳೆ, ಕಬ್ಬು, ಭತ್ತಕ್ಕೆ ಉಣಿಸುತ್ತಿದೆ, ಮಂಟಪದಲ್ಲಿ ಮಿರ್ಚಿ ಕರಿಯುವ ವಾಸನೆಯಿದೆ ಎಂದರೆ ಶೋಕದ ಧಾಟಿ ಕೆಡುತ್ತದೆ. ಹಾಳನ್ನು ಹಾಡಿ ಅಭ್ಯಾಸವಾದವರಿಗೆ ಅಲ್ಲಿ ಬಾಳುವವರು ಕಾಣುವುದು ಕಷ್ಟ. 2011ರಲ್ಲಿ ಕನ್ನಡದ ಸಾಹಿತ್ಯಲೋಕದಿಂದ ಏಳಬೇಕಾದಷ್ಟು ದನಿ ಏಳದೆ ಹೋದುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಹಂಪಿಯಲ್ಲಿಯೇ ಇರುವ ಇನ್ನೊಂದು ಪರಂಪರೆಯನ್ನು ಇಲ್ಲಿ ನೆನೆಯಬೇಕು. ಇಮ್ಮಡಿ ದೇವರಾಯನ ಅಧಿಕಾರಿಯಾಗಿದ್ದ ಅಹಮದ್ ಖಾನ್ 1439ರಲ್ಲಿ ಒಂದು ಕಟ್ಟಡ ಕಟ್ಟಿಸಿ ಅದರ ಪುಣ್ಯ ದೊರೆಗೆ ಸಲ್ಲಲಿ ಎಂದು ಶಾಸನ ಹಾಕಿಸಿದ. ವಿದ್ವಾಂಸರು ಅದನ್ನು ಮಸೀದಿ ಎನ್ನುತ್ತಾರೆ. ಶಾಸನ ಬಳಸುವ ಪದ ಧರ್ಮಸಾಲೆ. ಒಂದೇ ಕಟ್ಟಡ ಕಟ್ಟಿಸಿದವನ ಪ್ರಾರ್ಥನೆಯೂ ಆಗಿ, ಊರಿಗೆ ಸಲ್ಲುವ ಧರ್ಮವೂ ಆಗಬಹುದೆಂದು ಆ ಕಾಲ ಭಾವಿಸಿತ್ತು. ಇಂದು ನಾವು ಸಾರ್ವಜನಿಕ ಸೌಲಭ್ಯ ಎಂದು ಸರಕಾರಿ ಕನ್ನಡದಲ್ಲಿ ಕರೆಯುವುದನ್ನು ಆಗಿನವರು ಧರ್ಮ ಎಂದು ಕರೆದರು. ಕೆರೆ, ಕಾಲುವೆ, ಛತ್ರ, ಅರವಟಿಗೆಗಳೆಲ್ಲ ಆ ಪದದೊಳಗೆ ಬರುತ್ತಿದ್ದವು. ಕಲ್ಲನ್ನು ಕಾಪಾಡಿ ಈ ಅರ್ಥವನ್ನು ಕೈಬಿಟ್ಟರೆ ಕಾಪಾಡಿದ್ದಾದರೂ ಏನನ್ನು?

ಬಜಾರು ಹೋದ ಮೇಲೆ ಸಣ್ಣಪುಟ್ಟದ್ದಕ್ಕೂ ಹನ್ನೆರಡು ಹದಿಮೂರು ಕಿಲೋಮೀಟರು ದೂರದ ಹೊಸಪೇಟೆಯೇ ದಿಕ್ಕು ಎಂಬಂತಾಯಿತು. ಕಾರಿನಲ್ಲಿ ಬಂದು ಹೋಗುವ ಪ್ರವಾಸಿಗೆ ಇದರಿಂದ ತೊಂದರೆಯಿಲ್ಲ. ತೊಂದರೆಯಾದದ್ದು ಕೂಲಿಯ ದಿನ ಕಳೆದುಕೊಂಡು ಬಸ್ಸಿಗೆ ಕಾಯುವ ಹೆಂಗಸಿಗೆ, ಜಾತ್ರೆಗೆ ನಡೆದು ಬರುವ ಭಕ್ತರಿಗೆ, ಗುಡಿಯೆದುರು ಹೂ ಮಾರಿ ಮನೆ ನಡೆಸುತ್ತಿದ್ದವರಿಗೆ. ನಿವೇಶನ ಕೊಟ್ಟೆವಲ್ಲ ಎಂದು ಸರಕಾರ ಹೇಳಬಹುದು. ಆದರೆ ನಿವೇಶನದಿಂದ ಊರಾಗುವುದಿಲ್ಲ. ಈ ಸೀಮೆಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ತುಂಗಭದ್ರಾ ಅಣೆಕಟ್ಟಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿನ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಪೇಟೆ ಬೆಳೆಯಿತು, ನಾಟಕ ಬೆಳೆಯಿತು, ಅದು ಊರಾಯಿತು. ಪೇಟೆಯನ್ನು ಕಿತ್ತು ಮನೆಗೆ ಮಾತ್ರ ಜಾಗ ತೋರಿಸಿದರೆ ಊರಾಗುವ ದಾರಿಯೇ ಮುಚ್ಚುತ್ತದೆ. ಹೊಸಪೇಟೆ ಎಂಬ ಹೆಸರಲ್ಲಿಯೇ ಪೇಟೆಯಿದೆ. ವಿಜಯನಗರದ ದೊರೆಗಳು ಹೊಸ ಊರು ಕಟ್ಟಿದಾಗ ಅದನ್ನು ಪೇಟೆಯಾಗಿಯೇ ಕಟ್ಟಿದರು.

ಹಂಪಿಯಲ್ಲಿ ಆದದ್ದು ಹಂಪಿಗೆ ಮಾತ್ರ ಸೀಮಿತವಲ್ಲ. ಸುತ್ತಲಿನ ಊರುಗಳನ್ನು ನೋಡಿದರೆ ಇದರ ಬೇರೆ ಬೇರೆ ರೂಪಗಳು ಕಾಣುತ್ತವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. 2023ರ ಜುಲೈನಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಪಡೆ ಹಂಪಿಯಲ್ಲಿ ಸಭೆ ಸೇರಿದಾಗ ಸಂಡೂರು ಕುಶಲ ಕಲಾ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂತೋಷದ ವಿಷಯವೇ. ಆದರೆ ಕನ್ನಡಿ ಚೂರಿನ ಚೀಲ, ಅಂಗಿಗಳನ್ನು ಹರಡಿಕೊಂಡು ಲಂಬಾಣಿ ಹೆಂಗಸರು ಹಂಪಿಯ ಬೀದಿಯಲ್ಲಿ ಮಾರುತ್ತಿದ್ದಾಗ ಅವರು ಎಬ್ಬಿಸಬೇಕಾದ ಬೀದಿ ವ್ಯಾಪಾರಿಗಳು. ಅದೇ ಕಸೂತಿ ಗಣ್ಯರ ಮುಂದೆ ಬಂದಾಗ ಅದು ಪರಂಪರೆ. ಪ್ರದರ್ಶನ ಕೆಲವು ದಿನ ಇರುತ್ತದೆ, ಹೊಟ್ಟೆ ದಿನವೂ ಇರುತ್ತದೆ. ಹಂಪಿ ಉತ್ಸವದ್ದೂ ಇದೇ ಕತೆ. ಉತ್ಸವದ ದಿನಗಳಲ್ಲಿ ಎದುರು ಬಸವಣ್ಣನ ಬಳಿ ವೇದಿಕೆ, ದೀಪ, ಜನಜಂಗುಳಿ ಎಲ್ಲ ಇರುತ್ತದೆ. ಸರಕಾರ ಕರೆದರೆ ಜನ ಸೇರುವುದು ಸಂಸ್ಕೃತಿ, ಜನ ತಾವಾಗಿ ಸೇರಿದರೆ ಅತಿಕ್ರಮಣ ಎಂಬ ತರ್ಕವಿದು.

ಸಂಡೂರಿನ ಅದಿರಿನಿಂದ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಕೂಡಿಟ್ಟ ನಿಧಿಯಿದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಇತ್ತ ಕಂಪ್ಲಿಯಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದಲ್ಲಿ ಗಂಗಾವತಿಗೆ ಹೋಗುವ ಸೇತುವೆ ಮುಳುಗಿ ಬಸ್ಸುಗಳು ಸುತ್ತುಹಾಕಬೇಕಾಗುತ್ತದೆ. ಆನೆಗೊಂದಿಯ ಸೇತುವೆಯಂತೂ ವರ್ಷಗಟ್ಟಲೆ ವಿವಾದದಲ್ಲಿ ನಿಂತು, 2009ರ ಜನವರಿ 22ರಂದು ಕುಸಿದು ಎಂಟು ಜನ ಕೆಲಸಗಾರರನ್ನು ಬಲಿ ತೆಗೆದುಕೊಂಡಿತು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬು ಬೆಳೆದವರು ದೂರದ ಕಾರ್ಖಾನೆಗಳ ದಾರಿ ಹಿಡಿದರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಬಳಿಕ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲುಳಿದವು. ಆನೆಗೊಂದಿ ಕೊಪ್ಪಳದಲ್ಲಿದೆ. ಬದುಕಿನಲ್ಲಿ ಒಂದಾಗಿರುವ ಸೀಮೆ ಆಡಳಿತದಲ್ಲಿ ಮೂರಾಗಿದೆ. ಯಾವ ಊರಿಗೆ ಏನು ಬೇಕು ಎಂದು ಒಟ್ಟಾಗಿ ಕೂತು ಕೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಇದು ಹಳೆಯ ಗಾಯವನ್ನು ಕೆದಕುವ ಮಾತಲ್ಲ. ಹಂಪಿಯ ನಂತರ 2020ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದವು. ಆಮೇಲೆ ಬುಲ್ಡೋಜರು ದೇಶದ ಹಲವು ಕಡೆ ಆಳುವವರ ಲಾಂಛನವೇ ಆಯಿತು, ಅದರ ಕೆಳಗೆ ಸಿಕ್ಕಿದ್ದರಲ್ಲಿ ಮುಸ್ಲಿಮರ ಮನೆ ಅಂಗಡಿಗಳು ಬಹಳ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಹದಿನೈದು ದಿನಗಳ ನೋಟಿಸಿಲ್ಲದೆ ಕಟ್ಟಡ ಕೆಡವಬಾರದೆಂದು ಹೇಳಿತು. ಆದರೆ ರಸ್ತೆ, ನದಿದಂಡೆಯಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳನ್ನೂ, ನ್ಯಾಯಾಲಯದ ಆದೇಶವಿರುವ ಪ್ರಕರಣಗಳನ್ನೂ ಅದು ಹೊರಗಿಟ್ಟಿತು. ಅಂದರೆ ಹಂಪಿ ಬಜಾರಿನಂಥವರಿಗೆ ಆ ರಕ್ಷಣೆ ಇಂದಿಗೂ ಖಚಿತವಿಲ್ಲ. 2022ರಲ್ಲಿ ನಮ್ಮ ರಾಜ್ಯದ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಕೂಗು ಎದ್ದುದನ್ನೂ ಮರೆಯುವಂತಿಲ್ಲ. ಗುಡಿಯ ಮುಂದಿನ ಪೇಟೆ ಯಾರದು ಎಂಬ ಪ್ರಶ್ನೆಗೆ ಪಾಯೆಸ್ ಕಂಡ ಬೀದಿ ಐನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿತ್ತು. ಪೇಟೆ ಎಂದರೆ ಜಾತಿ ಧರ್ಮ ಕೇಳದೆ ಕೊಳ್ಳುವ, ಮಾರುವ, ಚೌಕಾಸಿ ಮಾಡುವ, ಸಾಲ ಹೇಳುವ ಜಾಗ. ಅದು ಹೋದರೆ ಸಾಮಾನು ಬೇರೆಲ್ಲಾದರೂ ಸಿಕ್ಕೀತು. ಆ ಒಡನಾಟ ಬೇರೆಲ್ಲೂ ಸಿಕ್ಕುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಒಡೆದ ಮನೆಗಳನ್ನು ಮಂಟಪದೊಳಗೆ ಮತ್ತೆ ಕಟ್ಟಿ ಎಂದು ನಾವು ಕೇಳುತ್ತಿಲ್ಲ. ಕಲ್ಲಿಗೆ ತಾಗದಂತೆ, ಬೆಳಿಗ್ಗೆ ಹರಡಿ ರಾತ್ರಿ ಎತ್ತಬಹುದಾದ ಅಂಗಡಿಗಳಿಗೆ ಆ ಬೀದಿಯಲ್ಲಿ ಕ್ರಮಬದ್ಧವಾಗಿ ಜಾಗ ಕೊಡಬಹುದು. ಅಂದು ಒಕ್ಕಲೆದ್ದ ಕುಟುಂಬಗಳಿಗೆ ಅದರಲ್ಲಿ ಮೊದಲ ಹಕ್ಕಿರಬೇಕು, ಸಂಡೂರಿನ ಕಸೂತಿಯವರಿಗೆ ಪಾಲಿರಬೇಕು. ಪ್ರಾಧಿಕಾರ ತನ್ನ ವ್ಯಾಪ್ತಿಯ 29 ಹಳ್ಳಿಗಳಲ್ಲಿ ಪ್ರತಿಯೊಂದರಲ್ಲೂ ಯಾವ ಸೇವೆ ಇದೆ, ಯಾವುದು ಹೋಯಿತು ಎಂದು ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡಬೇಕು. ಸ್ಮಾರಕಗಳ ಪಟ್ಟಿ ಮಾಡಲು ಬಂದವರಿಗೆ ಇದು ಕಷ್ಟದ ಕೆಲಸವಲ್ಲ. ಗಣಿಯ ಹಣದಲ್ಲಿ ಒಂದಿಷ್ಟು ಸಂಡೂರಿನ ಹಳ್ಳಿಗಳ ಬಸ್ಸಿಗೆ, ದವಾಖಾನೆಗೆ ಬರಲಿ. ಕಂಪ್ಲಿಗೆ ಮುಳುಗದ ಸೇತುವೆ ಬರಲಿ.

ವಿದೇಶದಿಂದ ಬಂದವರು ಇನ್ನು ಮುಂದೆಯೂ ಹಂಪಿಯ ಬಗ್ಗೆ ಬರೆಯುತ್ತಾರೆ. ಅವರು ಕಂಬಗಳನ್ನು ಎಣಿಸಿ ಹೋಗುವಂತೆ ಮಾಡುವುದೋ, ಇಲ್ಲಿ ನಿಂಬೆಹಣ್ಣು ಮಾರುವವರನ್ನೂ ಕಂಡು ಹೋಗುವಂತೆ ಮಾಡುವುದೋ ಎಂಬುದು ನಮ್ಮ ಕೈಯಲ್ಲಿದೆ.